ರಾಜಿ ಎಂದರೆ ಯಾರ ರಾಜಿ?

ರಾಜಿ ಎಂಬ ಮಾತು ನಮ್ಮ ಕೇರಿಗೆ ಹೊಸದಲ್ಲ. ಕೋರ್ಟು ಕಚೇರಿಯ ಹೆಸರು ಕೇಳುವ ಮೊದಲೇ ನಮ್ಮ ಅಜ್ಜಂದಿರು ಅದನ್ನು ಕಂಡುಂಡವರು. ನಮ್ಮ ದನ ಧಣಿಯ ಹೊಲಕ್ಕೆ ಬಾಯಿ ಹಾಕಿದರೆ ರಾಜಿ. ಧಣಿಯ ದನ ನಮ್ಮ ತುಂಡು ಹೊಲ ಮೇಯ್ದರೂ ರಾಜಿ. ಮೊದಲನೆಯದರಲ್ಲಿ ನಾವು ದಂಡ ಕಟ್ಟುತ್ತಿದ್ದೆವು. ಎರಡನೆಯದರಲ್ಲಿ ‘ಓಗ್ಲಿ ಬುಡ್ರಪ್ಪ, ಮೂಕಪ್ರಾಣಿ’ ಎಂಬ ನ್ಯಾಯ ಕೇಳಿಸಿಕೊಂಡು ಕೈಮುಗಿದು ಬರುತ್ತಿದ್ದೆವು. ಎರಡಕ್ಕೂ ಪಂಚಾಯ್ತಿ ಕಟ್ಟೆ ಒಂದೇ. ನ್ಯಾಯ ಹೇಳುವ ಬಾಯಿಗಳೂ ಅವೇ.

ಈಗ ಆ ಪಂಚಾಯ್ತಿ ಟಾರು ರಸ್ತೆಗೆ ಇಳಿದಿದೆ. ಕಾರು ಬಂದು ತಾಗುತ್ತದೆ. ಒಳಗಿದ್ದವರು ಇಳಿಯುತ್ತಾರೆ. ಸುತ್ತ ಹತ್ತು ಜನ ಸೇರುತ್ತಾರೆ. ‘ಪೊಲೀಸು, ಇನ್ಶೂರೆನ್ಸು ಅಂತ ಅಲ್ಕೊಂಡು ಕೂರೋರ್ಯಾರು? ಇಲ್ಲೇ ಮಾತಾಡಿ ಮುಗಿಸಿ’ ಎನ್ನುತ್ತಾರೆ. ಈ ‘ಇಲ್ಲೇ ಮುಗಿಸುವ’ ಮಾತಿನ ಬಗ್ಗೆ ನಾವು ನಾಲ್ಕು ಮಾತು ಬರೆಯಬೇಕಾಗಿದೆ.

ಗೆಳೆಯರೇ, ರಾಜಿಯೆಲ್ಲ ಮೋಸ ಎಂದು ನಾವು ಹೇಳುತ್ತಿಲ್ಲ. ಮೈಸೂರಿನ ಸಿಗ್ನಲ್ಲಿನಲ್ಲಿ ಒಂದು ಕಾರಿನ ಮೂತಿ ಇನ್ನೊಂದು ಕಾರಿನ ಹಿಂಭಾಗಕ್ಕೆ ಮುತ್ತಿಟ್ಟಿತು ಎಂದುಕೊಳ್ಳಿ. ಇಬ್ಬರಿಗೂ ಪಾಲಿಸಿ ಇದೆ. ಇಬ್ಬರಿಗೂ ಫೋನು ಮಾಡಿದರೆ ಓಡಿ ಬರುವ ವಕೀಲ ಭಾವಮೈದುನ ಇದ್ದಾನೆ. ತನ್ನ ಕಾರಿನ ಗೀಚು ತಿದ್ದಿಸಲು ಕ್ಲೇಮು ಹಾಕಿದವನು ಕಡ್ಡಾಯವಾಗಿ ಒಂದಿಷ್ಟು ತನ್ನ ಜೇಬಿನಿಂದ ಕೊಡಬೇಕು: 1500 ಸಿ.ಸಿ.ವರೆಗಿನ ಕಾರಿಗೆ 1000 ರೂಪಾಯಿ, ಅದಕ್ಕೂ ದೊಡ್ಡದಕ್ಕೆ 2000. ಕ್ಲೇಮು ಮಾಡದ ವರ್ಷಗಳಿಗೆ ಸಿಗುವ ಬೋನಸ್ಸೂ ಹೋಗುತ್ತದೆ. ಮೊದಲ ವರ್ಷ ಕಂತಿನಲ್ಲಿ ನೂರಕ್ಕೆ 20 ರಿಯಾಯಿತಿ, ಐದು ವರ್ಷ ಕಳೆದರೆ ನೂರಕ್ಕೆ 50. ಆದ್ದರಿಂದ ಎರಡು ಸಾವಿರದ ಬಣ್ಣಕ್ಕೆ ವಿಮೆ ಕಂಪನಿಯ ಬಾಗಿಲು ತಟ್ಟದೆ ಅವರವರೇ ಮುಗಿಸಿಕೊಳ್ಳುವುದು ಲೆಕ್ಕದ ಮಾತು. ಇಬ್ಬರಿಗೂ ‘ಒಲ್ಲೆ’ ಎನ್ನುವ ಬಲವಿದೆ. ಆ ಬಲವಿದ್ದೂ ‘ಆಗಲಿ’ ಎಂದರಲ್ಲ, ಅದು ರಾಜಿ.

ಇನ್ನು ನಮ್ಮ ದೊಡ್ಡಪ್ಪನ ವಿಷಯ.

ನಂಜನಗೂಡಿನ ಕಡೆಯ ರಸ್ತೆ. ದೊಡ್ಡಪ್ಪ ಟಿವಿಎಸ್ಸಿನ ಹಿಂದೆ ಹುಲ್ಲಿನ ಹೊರೆ ಕಟ್ಟಿಕೊಂಡು ಎಡದಂಚಿನಲ್ಲಿ ಬರುತ್ತಿದ್ದ. ಹಿಂದಿನಿಂದ ಬಂದ ಬಿಳಿ ಕಾರು ಹೊರೆಗೆ ತಾಗಿತು. ದೊಡ್ಡಪ್ಪ ಬಲಗೈ ಊರಿ ಬಿದ್ದ. ನಾವು ಅಲ್ಲಿರಲಿಲ್ಲ. ದೊಡ್ಡಪ್ಪ ಮತ್ತು ಟೀ ಅಂಗಡಿಯ ಹುಡುಗ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇವೆ.

ಕಾರಿನವನು ಇಳಿದವನೇ ಮೊದಲು ನೋಡಿದ್ದು ತನ್ನ ಬಂಪರನ್ನು. ‘ನೋಡ್ಕೊಂಡು ಬರಕ್ಕಾಗಲ್ವೇನಯ್ಯ? ಮೂರು ಸಾವಿರ ಆಗುತ್ತೆ ಇದಕ್ಕೆ, ಯಾರು ಕೊಡ್ತಾರೆ?’ ಎಂದ. ಟೀ ಅಂಗಡಿಯಲ್ಲಿದ್ದವರು ಕಣ್ಣಾರೆ ಕಂಡಿದ್ದರು. ‘ತಪ್ಪು ನಿಮ್ದೇ ಸ್ವಾಮಿ’ ಎಂದರು. ಆಗ ಅವನು ತಣ್ಣಗಾಗಿ, ‘ಸರಿ, ಸಾವಿರ ಕೊಡ್ತೀನಿ, ಮುಗಿಸಿಬಿಡಿ’ ಎಂದ. ಅಷ್ಟರಲ್ಲಿ ಬಂದ ಊರಿನ ಹಿರಿಯನೊಬ್ಬ ದೊಡ್ಡಪ್ಪನನ್ನು ಕೇಳಿದ: ‘ಯಾವೂರ್ಲಾ? ಯಾರ ಪೈಕಿ?’ ದೊಡ್ಡಪ್ಪ ಹೇಳಿದ. ಹಿರಿಯ ಕಾರಿನವನ ಕಡೆ ತಿರುಗಿದ. ‘ಕೇರಿಯೋನು ಸ್ವಾಮಿ. ಐನೂರು ಕೊಡಿ, ಸಾಕು.’

ದೊಡ್ಡಪ್ಪ ‘ಕೈ ನೋಯ್ತದೆ ಬುದ್ದಿ’ ಎಂದಾಗ ಕಾರಿನವನು ಇನ್ನೊಂದು ಅಸ್ತ್ರ ತೆಗೆದ. ‘ನಿನ್ ಗಾಡಿಗೆ ಇನ್ಶೂರೆನ್ಸ್ ಇದೆಯೇನಯ್ಯ? ಪೊಲೀಸ್ ಬಂದ್ರೆ ಮೊದಲು ನಿನ್ ಗಾಡೀನೇ ಎತ್ಕೊಂಡು ಹೋಗ್ತಾರೆ.’ ಟಿವಿಎಸ್ಸಿನ ವಿಮೆ ಮುಗಿದು ಎಂಟು ತಿಂಗಳಾಗಿತ್ತು. ದೊಡ್ಡಪ್ಪ ಐನೂರರ ನೋಟು ಮಡಿಸಿ ಜೇಬಿಗಿಟ್ಟುಕೊಂಡ.

ಕೈ ಅದೇ ಕೈ. ನೋವು ಅದೇ ನೋವು. ಜಾತಿ ಗೊತ್ತಾದೊಡನೆ ಅರ್ಧ ಬೆಲೆಗೆ ಇಳಿಯಿತು.

ರಸ್ತೆಯಲ್ಲೂ ಜಾತಿ ಹುಡುಕುತ್ತೀರಾ ಎಂದು ನಗುವ ಗೆಳೆಯರು ನಮಗಿದ್ದಾರೆ. ಅವರು 1929ರ ಚಾಳೀಸಗಾಂವನ್ನು ನೆನೆಯಲಿ. ಅಸ್ಪೃಶ್ಯರ ಅಹವಾಲು ವಿಚಾರಿಸಲು ಮುಂಬಯಿ ಸರ್ಕಾರ ನೇಮಿಸಿದ್ದ ಸಮಿತಿಯ ಸದಸ್ಯರಾಗಿ ಬಾಬಾಸಾಹೇಬರು ಆ ಕಡೆ ಹೋಗಿದ್ದರು. ಅವರನ್ನು ಕೂರಿಸಿಕೊಂಡು ಟಾಂಗಾ ಓಡಿಸಲು ಯಾವ ಟಾಂಗಾದವನೂ ಒಪ್ಪಲಿಲ್ಲ. ಗಾಡಿ ಕೊಡುತ್ತೇವೆ, ಓಡಿಸುವುದಿಲ್ಲ ಎಂದರು. ಓಡಿಸಿ ಗೊತ್ತಿಲ್ಲದ ನಮ್ಮವನೊಬ್ಬ ಲಗಾಮು ಹಿಡಿದ. ಸೇತುವೆಯ ಮೇಲೆ ಗಾಡಿ ಮಗುಚಿತು. ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿದುಕೊಂಡರು. ಬ್ಯಾರಿಸ್ಟರಿಗಿಂತ ತಾನು ಮೇಲಿನವನು ಎಂಬ ಟಾಂಗಾದವನ ಹೆಮ್ಮೆ ಅದಕ್ಕೆ ಕಾರಣವೆಂದು ‘ವೀಸಾಗಾಗಿ ಕಾಯುತ್ತಾ’ ಬರಹದಲ್ಲಿ ಅವರೇ ದಾಖಲಿಸಿದ್ದಾರೆ. ಅಂದಮೇಲೆ ರಸ್ತೆಗೆ ಜಾತಿಯಿಲ್ಲ ಎನ್ನುವುದು ಹೇಗೆ?

ಮೂರನೆಯ ದಿನ ದೊಡ್ಡಪ್ಪನ ಮಣಿಕಟ್ಟು ಊದಿ ಬಳೆ ಗಾತ್ರವಾಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಮೂಳೆ ಬಿರುಕು ಬಿಟ್ಟಿದೆ ಎಂದರು. ಆರು ವಾರ ಪ್ಲಾಸ್ಟರು. ಕುಡುಗೋಲು ಹಿಡಿಯುವ ಕೈಗೆ ಆರು ವಾರ ರಜ ಎಂದರೆ ಒಲೆಗೂ ರಜ. ದೊಡ್ಡಮ್ಮನ ಮಹಿಳಾ ಸಂಘದ ಸಾಲದ ಕಂತು ಮಾತ್ರ ವಾರ ವಾರ ತಪ್ಪದೆ ಬಂದು ಬಾಗಿಲಲ್ಲಿ ನಿಲ್ಲುತ್ತಿತ್ತು.

ಹಾಗಾದರೆ ‘ಸಣ್ಣ ಆಕ್ಸಿಡೆಂಟು’ ಎಂದು ಆ ದಿನ ತೀರ್ಮಾನಿಸಿದವರು ಯಾರು? ಕಾರಿಗೆ ಅದು ಸಣ್ಣದು, ನಿಜ. ಕಾನೂನಿನ ಕಣ್ಣಿಗೆ ಮೂಳೆ ಮುರಿಯುವುದು, ಬಿರಿಯುವುದು ಸಣ್ಣದಲ್ಲ. ಹಳೆಯ ದಂಡಸಂಹಿತೆಯಲ್ಲೂ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು ತೀವ್ರ ಗಾಯ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದು 2022ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿಯ 164ನೆಯ ಕಲಮಿನಂತೆ, ವಾಹನದಿಂದ ತೀವ್ರ ಗಾಯವಾದವರು ತಪ್ಪು ಯಾರದೆಂದು ರುಜುವಾತು ಮಾಡದೆಯೇ ಕೇಳಬಹುದಾದ ಪರಿಹಾರ ಎರಡೂವರೆ ಲಕ್ಷ ರೂಪಾಯಿ. ಸತ್ತರೆ ಐದು ಲಕ್ಷ. ದೊಡ್ಡಪ್ಪನಿಗೆ ಸಿಕ್ಕಿದ್ದು ಐನೂರು. ಲೆಕ್ಕ ಹಾಕಿ ನೋಡಿ, ಐನೂರರಲ್ಲಿ ಒಂದು ಪಾಲು.

ನಮ್ಮ ಮನೆತನದಲ್ಲಿ ಡಿಗ್ರಿಯ ಮುಖ ಕಂಡವರು ನಾವೇ ಮೊದಲು. ಕವಿತೆ ಬರೆಯಲು ಕಲಿತ ಕಣ್ಣಿನಿಂದ ನಾವು ಆ ವಾರ ಪಾಲಿಸಿ ಕಾಗದ ಓದಿದೆವು. ಅದರಲ್ಲಿ ನಮಗೊಂದು ಹೆಸರಿದೆ: ಥರ್ಡ್ ಪಾರ್ಟಿ. ವಾಹನದವನು ಮೊದಲನೆಯವನು, ಕಂಪನಿ ಎರಡನೆಯದು, ಗಾಯಗೊಂಡವನು ಮೂರನೆಯವನು. ಜಾತಿಯ ಲೆಕ್ಕದಲ್ಲಿ ನಮ್ಮನ್ನು ಐದನೆಯವರೆಂದು ಊರಾಚೆ ಇಟ್ಟಿದ್ದರು. ವಿಮೆ ಕಾಗದದಲ್ಲಿ ಎರಡು ಮೆಟ್ಟಿಲು ಮೇಲೆ ಬಂದಿದ್ದೇವೆ! ಕಾಗದ ನಮ್ಮನ್ನು ಪ್ರೀತಿಸುತ್ತದೆಂದಲ್ಲ. ‘ಯಾರ ಪೈಕಿ’ ಎಂದು ಕೇಳುವ ಅಂಕಣ ಅದರಲ್ಲಿಲ್ಲ, ಅಷ್ಟೇ. ಈ ಥರ್ಡ್ ಪಾರ್ಟಿ ವಿಮೆ ನಮ್ಮ ದೇಶದಲ್ಲಿ 1946ರ ಜುಲೈ 1ರಿಂದಲೇ ಕಡ್ಡಾಯ. ರಸ್ತೆಯಲ್ಲಿ ನೋಟು ಎಣಿಸುವವರು ಕೊಡುವುದು ಭಿಕ್ಷೆ. ಇದು ಹಕ್ಕು. ಅದರ ಕಂತನ್ನು ಕಾರಿನವನು ಆಗಲೇ ಕಟ್ಟಿಯಾಗಿದೆ.

‘ನನ್ನ ಬೋನಸ್ ಹೋಗುತ್ತೆ’ ಎಂದು ಕಾರಿನವನು ಆಮೇಲೆ ನಮ್ಮೊಡನೆ ಅಲವತ್ತುಕೊಂಡ. ಆ ಬೋನಸ್ಸು ತನ್ನ ಕಾರಿನ ಹಾನಿಯ ವಿಮೆಗೆ ಸೇರಿದ್ದು. ಬಡವನ ಮುರಿದ ಕೈಗೆ ಕಂಪನಿ ಕೊಡುವ ಹಣದಿಂದ ಅದು ಕರಗುವುದಿಲ್ಲ. ಇನ್ನೊಂದು ಮಾತು: ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ಯಾರಿಗೂ ಹಣ ಕೊಡಬಾರದು, ಮಾತು ಕೊಡಬಾರದು ಎಂಬ ಷರತ್ತು ಮೋಟಾರು ಪಾಲಿಸಿಯಲ್ಲೇ ಅಚ್ಚಾಗಿದೆ. ಬೀದಿಬದಿಯ ರಾಜಿ ಅವರದೇ ಕಾಗದಕ್ಕೂ ಒಪ್ಪಿತವಲ್ಲ. ಅಪಘಾತ ಮಾಡಿದವನು ಗಾಯಾಳುವಿಗೆ ಚಿಕಿತ್ಸೆ ಕೊಡಿಸಬೇಕು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು, ವಿಮೆ ಕಂಪನಿಗೂ ಬರೆದು ತಿಳಿಸಬೇಕು ಎನ್ನುತ್ತದೆ ಕಾಯ್ದೆಯ 134ನೆಯ ಕಲಮು.

ಠಾಣೆಗೆ ಹೋದೆವು. ‘ದುಡ್ಡು ಇಸ್ಕೊಂಡಿದೀಯಲ್ಲಪ್ಪ, ರಾಜಿ ಆಗೋಯ್ತಲ್ಲ’ ಎಂದರು. ಐನೂರು ರೂಪಾಯಿಯನ್ನು ಲೆಕ್ಕಕ್ಕೆ ಹಿಡಿದು ಕಳೆಯಲಿ ಬೇಕಾದರೆ. ಆ ನೋಟಿಗೆ ಅರ್ಜಿ ಹಾಕುವ ಬಾಯನ್ನು ಹೊಲಿಯುವ ಶಕ್ತಿಯಿಲ್ಲ. ಮೂರು ಸಲ ಅಲೆದ ಮೇಲೆ ದೂರು ಬರೆದುಕೊಂಡರು. ಟೀ ಅಂಗಡಿಯ ಹುಡುಗ ಆ ದಿನ ಮೊಬೈಲಿನಲ್ಲಿ ಕಾರಿನ ನಂಬರು ಹಿಡಿದಿಟ್ಟಿದ್ದ. ಅವನಿಲ್ಲದಿದ್ದರೆ ಬಿಳಿ ಕಾರುಗಳ ಲೋಕದಲ್ಲಿ ನಾವು ಯಾವುದನ್ನು ಹುಡುಕಬೇಕಾಗಿತ್ತೋ!

ಆಮೇಲೆ ಕಾರಿನವನು ತಾನೇ ಬಂದ. ಕೇರಿಯೊಳಗೆ ಕಾಲಿಡಲಿಲ್ಲ. ಊರಬಾಗಿಲಲ್ಲಿ ಕಾರು ನಿಲ್ಲಿಸಿ ಹೇಳಿಕಳಿಸಿದ. ಹತ್ತು ಸಾವಿರ ಕೊಡುತ್ತೇನೆ, ಕೇಸು ವಾಪಸು ತೆಗೆಯಿರಿ ಎಂದ. ಆ ರಾತ್ರಿ ನಮ್ಮ ಮನೆಯಲ್ಲಿ ದೊಡ್ಡ ಜಗಳ. ದೊಡ್ಡಮ್ಮ ಕೇಳಿದಳು: ‘ಅತ್ತು ಸಾವ್ರ ಅಂದ್ರೆ ಸುಮ್ಕಾಯ್ತದ? ಕೋರ್ಟೇನು ನಮ್ಮಪ್ಪನ ಮನೆಯಾ? ನೀನು ಓದಿರೋನು, ನಿಂಗೆ ಅಸಿವು ಅಂದ್ರೆ ಪದ್ಯ. ನಂಗೆ ಸೋಮವಾರ ಕಂತು ಕಟ್ಬೇಕು.’ ಇದಕ್ಕೆ ಯಾವ ಪುಸ್ತಕದಲ್ಲೂ ಉತ್ತರವಿಲ್ಲ. ಬಹಳ ಹೊತ್ತು ಸುಮ್ಮನಿದ್ದ ದೊಡ್ಡಪ್ಪ ಹೇಳಿದ: ‘ದುಡ್ಡು ಬೇಕು ಮಗ. ಆದ್ರೆ ಕೇರಿಯೋನು, ಐನೂರು ಸಾಕು ಅಂದ್ನಲ್ಲ, ಅದು ಎದೇಲಿ ಉರೀತದೆ. ನನ್ ಕೈ ಬೆಲೆ ಅವ್ನ್ಯಾಕೆ ಕಟ್ಬೇಕು?’

ಹಣ ವಾಪಸು ಹೋಯಿತು. ಸೋಮವಾರದ ಕಂತಿಗೆ ದೊಡ್ಡಮ್ಮನ ಕಿವಿಯ ಓಲೆ ಹೋಯಿತು. ಅರ್ಜಿ ಈಗ ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿದೆ. ವಾಯಿದೆಯ ಮೇಲೆ ವಾಯಿದೆ. ಪ್ರತಿ ವಾಯಿದೆಗೂ ಒಂದು ದಿನದ ಕೂಲಿ ಖೋತಾ. ಗೆದ್ದೆವು ಎಂದು ಬರೆಯುವ ಕಾಲ ಇನ್ನೂ ಬಂದಿಲ್ಲ. ಕಾಗದದ ದಾರಿ ನಮ್ಮಂಥವರಿಗೆ ಉದ್ದದ ದಾರಿ, ಅದನ್ನು ಉದ್ದ ಮಾಡಿದವರೂ ಇದ್ದಾರೆ. 1994ರಲ್ಲಿ ಅರ್ಜಿಗೆ ಕಾಲಮಿತಿಯನ್ನೇ ತೆಗೆದಿದ್ದರು. 2019ರ ತಿದ್ದುಪಡಿ ಆರು ತಿಂಗಳ ಗಡುವನ್ನು ಮತ್ತೆ ತಂದು ಕೂರಿಸಿತು. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಿದ್ದಾರೆ. ಆರು ತಿಂಗಳು ಎಂದರೆ ಕೂಲಿಯವನಿಗೆ ಕೈ ಕೂಡಿಕೊಳ್ಳುವುದರೊಳಗೆ, ಸಾಲ ತೀರುವುದರೊಳಗೆ, ಕಾಯ್ದೆಯೊಂದಿದೆ ಎಂದು ತಿಳಿಯುವುದರೊಳಗೆ ಮುಗಿದುಹೋಗುವ ಕಾಲ.

ನಮ್ಮವರಿಗೂ ಒಂದು ಮಾತು ಹೇಳಲೇಬೇಕು. ಕೇರಿಯ ಹುಡುಗರ ಬೈಕುಗಳಲ್ಲಿ ವಿಮೆ ಮುಗಿದವೇ ಹೆಚ್ಚು. ವಿಮೆಯಿಲ್ಲದ ಗಾಡಿಗೆ ಮೊದಲ ಸಲ 2000 ರೂಪಾಯಿ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು. ಅದು ಬೇರೆಯೇ ತಪ್ಪು. ಇನ್ನೊಬ್ಬನ ಕಾರು ಮುರಿದ ಕೈಯ ಹಕ್ಕನ್ನು ಅದು ಕಸಿಯುವುದಿಲ್ಲ. ಆದರೆ ನಮ್ಮ ಹುಡುಗನ ಬೈಕೇ ಇನ್ನೊಬ್ಬ ಕೂಲಿಯವನಿಗೆ ಗುದ್ದಿದರೆ? ಪರಿಹಾರ ಅವನ ತಲೆಯ ಮೇಲೆಯೇ ಬರುತ್ತದೆ. ಮನೆ ಮಾರಿದರೂ ತೀರುವುದಿಲ್ಲ. ಬೀಳುವವನೂ ಬಡವ, ಕೊಡಬೇಕಾದವನೂ ಬಡವ. ಮೂರ್ನಾಲ್ಕು ದಿನದ ಕೂಲಿಯಲ್ಲಿ ಮುಗಿಯುವ ಥರ್ಡ್ ಪಾರ್ಟಿ ವಿಮೆ ಇಬ್ಬರನ್ನೂ ಉಳಿಸುತ್ತದೆ.

ಆದ್ದರಿಂದ ಬಂಧುಗಳೇ, ರಸ್ತೆಯಲ್ಲಿ ಬಿದ್ದರೆ ಮೊದಲು ಕಾರಿನ ನಂಬರು ಹಿಡಿಯಿರಿ. ಕಂಡವರ ಹೆಸರು ಬರೆದುಕೊಳ್ಳಿ. ಅದೇ ದಿನ ಆಸ್ಪತ್ರೆಗೆ ಹೋಗಿ, ವಾಹನ ತಾಗಿದ್ದರಿಂದ ಆದ ಗಾಯ ಎಂದು ಚೀಟಿಯಲ್ಲಿ ಬರೆಸಿ. 2025ರ ಮೇ 5ರ ಯೋಜನೆಯಂತೆ ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಏಳು ದಿನದೊಳಗೆ ಒಂದೂವರೆ ಲಕ್ಷದವರೆಗೆ ಹಣ ಕಟ್ಟದೆ ಚಿಕಿತ್ಸೆ ಪಡೆಯಬಹುದು. ಪೊಲೀಸರು ಅಪಘಾತದ ಮೊದಲ ವರದಿಯನ್ನು 48 ಗಂಟೆಯೊಳಗೆ ನ್ಯಾಯಮಂಡಳಿಗೂ ವಿಮೆ ಕಂಪನಿಗೂ ಕಳಿಸಬೇಕು ಎಂಬುದು 2022ರ ನಿಯಮ. ಅದನ್ನು ಕೇಳಿ. ಪರಿಹಾರದ ಅರ್ಜಿಯನ್ನು ನೀವು ವಾಸವಿರುವ ಕಡೆಯ ನ್ಯಾಯಮಂಡಳಿಯಲ್ಲೇ ಹಾಕಬಹುದು. ಇಷ್ಟೆಲ್ಲ ಕೈಯಲ್ಲಿಟ್ಟುಕೊಂಡ ಮೇಲೆ ಯಾರಾದರೂ ರಾಜಿಗೆ ಕರೆದರೆ ಹೋಗಿ ಕೂತುಕೊಳ್ಳಿ. ಆಗ ನಿಮ್ಮ ಬಾಯಲ್ಲೂ ‘ಒಲ್ಲೆ’ ಎಂಬ ಮಾತಿರುತ್ತದೆ.

ನಮ್ಮ ಕೇರಿಯ ಹುಡುಗರು ಈ ತಿಂಗಳು ಅಂಬೇಡ್ಕರ್ ಭವನದ ಗೋಡೆಯ ಮೇಲೆ ಹನ್ನೊಂದು ಗಾಡಿಗಳ ನಂಬರು, ಪಕ್ಕದಲ್ಲಿ ವಿಮೆ ಮುಗಿಯುವ ತಾರೀಕು ಬರೆದಿದ್ದಾರೆ. ಮೊದಲ ಸಾಲಿನಲ್ಲಿ ದೊಡ್ಡಪ್ಪನ ಟಿವಿಎಸ್ಸು ಇದೆ. ತಾರೀಕು ಹೊಸದು.