ಮೊದಲು ಓದು, ಆಮೇಲೆ ಬರೆ

ನಸುಕಿನಲ್ಲಿ ಎಲ್ಲರಿಗಿಂತ ಮೊದಲು ಎದ್ದು, ದೀಪ ಹಚ್ಚಿ, ಒಲೆ ಹೊತ್ತಿಸಿ, ಮನೆಮಂದಿಯನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸುವ ಹಿರಿಯರೊಬ್ಬರು ಹಿಂದೆ ಪ್ರತಿಯೊಂದು ಮನೆಯಲ್ಲಿಯೂ ಇರುತ್ತಿದ್ದರು. ಗಣಕಯಂತ್ರದ ಹೊಟ್ಟೆಯಲ್ಲಿಯೂ ಅಂಥ ಹಿರಿಯನೊಬ್ಬನಿದ್ದಾನೆ ಎಂದರೆ ವಾಚಕರು ನಗಬಾರದು. ಗುಂಡಿ ಒತ್ತಿದ ಕೂಡಲೆ ನೆನಪಿನ ಕೋಶ, ಕೀಲಿಮಣೆ, ಪರದೆ ಇವುಗಳನ್ನು ಎಚ್ಚರಿಸಿ, ಡಿಸ್ಕಿನಲ್ಲಿ ಮಲಗಿರುವ ದೊಡ್ಡ ತಂತ್ರಾಂಶವನ್ನು ಕೆಲಸಕ್ಕೆ ಕರೆಯುವವನು ಅವನೇ. ಅವನ ಹೆಸರು ಬಯಾಸ್. ಈ ಹೆಸರನ್ನು ೧೯೭೦ರ ದಶಕದಲ್ಲಿ ಅಮೆರಿಕದ ಗ್ಯಾರಿ ಕಿಲ್ಡಾಲ್ ಅವರು ತಮ್ಮ ಸಿಪಿ/ಎಂ ಎಂಬ ತಂತ್ರಾಂಶದ ಒಂದು ಭಾಗಕ್ಕೆ ಇಟ್ಟಿದ್ದರು. ಈಗಿನ ಯಂತ್ರಗಳಲ್ಲಿ ಆ ಕೆಲಸ ಯುಇಎಫ್‌ಐ ಎಂಬುದರ ಪಾಲಿಗೆ ಬಂದಿದೆಯಾದರೂ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ. ಅವನ ವಾಸ, ಕಡಲೆಬೇಳೆಯಷ್ಟು ಅಗಲದ, ೮ ಕಾಲುಗಳುಳ್ಳ ಒಂದು ಕರಿಯ ಚಿಪ್ಪಿನಲ್ಲಿ.

ಈ ಹಿರಿಯನಿಗೆ ಬುದ್ಧಿಭ್ರಮಣೆಯಾದರೆ ಮನೆಯೆಲ್ಲ ಮಲಗಿಯೇ ಇರುತ್ತದೆ. ಉಳಿದವರೆಲ್ಲ ಗಟ್ಟಿಮುಟ್ಟಾಗಿದ್ದರೂ ಎಬ್ಬಿಸುವವರಿಲ್ಲ. ೧೯೯೯ರ ಏಪ್ರಿಲ್ ೨೬ರಂದು ಚೆರ್ನೋಬಿಲ್ ಎಂಬ ಅಡ್ಡಹೆಸರಿನ ವೈರಸ್ಸು ಎಷ್ಟೋ ದೇಶಗಳಲ್ಲಿ ಇದೇ ಕೇಡನ್ನು ಮಾಡಿತು. ತೈವಾನಿನ ವಿದ್ಯಾರ್ಥಿಯೊಬ್ಬನು ಬರೆದ ಆ ವೈರಸ್ಸು ಡಿಸ್ಕನ್ನು ಕೆಡಿಸಿದ್ದಲ್ಲದೆ ಈ ಚಿಪ್ಪಿನ ಬರಹವನ್ನೂ ಅಳಿಸಹೊರಟಿತ್ತು. ವೈರಸ್ಸೇ ಬೇಕೆಂದಿಲ್ಲ, ಬಯಾಸನ್ನು ಹೊಸದಾಗಿಸುವ ನಡುವೆ ಕರೆಂಟು ಹೋದರೂ ಸಾಕು.

ನಮ್ಮ ಕೋಥರೂಡಿನ ಓಣಿಯಲ್ಲಿ ಬಾಡಿಗೆಯ ಕೋಣೆ ಹಿಡಿದು ಇಂಜಿನಿಯರಿಂಗ್ ಓದುತ್ತಿರುವ ವಿಜಯಪುರದ ಕಡೆಯ ಹುಡುಗಿಗೆ ಆದದ್ದು ಇದೇ. ಬ್ಯಾಟರಿ ಸವೆದ ಹಳೆಯ ಲ್ಯಾಪ್‌ಟಾಪು. ಬಯಾಸ್ ಬದಲಾಗುತ್ತಿರುವಾಗಲೇ ಕರೆಂಟು ಹೋಯಿತು. ಮರಳಿ ಬಂದಾಗ ದೀಪ ಹತ್ತಿತು, ಪಂಖ ತಿರುಗಿತು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ದುರಸ್ತಿಯ ಅಂಗಡಿಯೊಂದರಲ್ಲಿ ಮದರ್‌ಬೋರ್ಡನ್ನೇ ಬದಲಿಸಬೇಕು ಎಂದು ದೊಡ್ಡ ಮೊತ್ತ ಹೇಳಿದರಂತೆ.

“ಕಾಕಾ, ನಾಡದ ಪ್ರಾಜೆಕ್ಟ್ ತೋರಸಬೇಕ್ರಿ. ಅಪ್ಪ ಎಮ್ಮಿ ಮಾರತೀನಿ ಅನ್ನಾಕತ್ತಾನ್ರಿ,” ಎಂದಳು. ಕಣ್ಣಲ್ಲಿ ನೀರಿತ್ತು.

ಪಿಂಪರಿಯ ಕಾರಖಾನೆಯೊಂದರಲ್ಲಿ ೩೦ ವರ್ಷ ಉಪಕರಣಗಳ ದುರಸ್ತಿ ಮಾಡಿ ನಿವೃತ್ತನಾದವನು ನಾನು. ಎಮ್ಮೆಯ ಮಾತು ಕೇಳಿದ ಮೇಲೆ ಸುಮ್ಮನೆ ಕೂಡಲಾಗಲಿಲ್ಲ. “ತಂಗೀ, ಎಮ್ಮಿ ಇರಲಿ. ಮೊದಲ ಚಿಪ್ಪಿನ ನಾಡಿ ನೋಡೂಣು,” ಎಂದೆ.

ದಗಡೂಶೇಠ ಗಣಪತಿಯ ದರ್ಶನಕ್ಕೆ ಬುಧವಾರ ಪೇಠೆಗೆ ಹೋಗುವವರಿಗೆ ಅಲ್ಲಿಯ ತಾಪಕೀರ ಗಲ್ಲಿ ಗೊತ್ತೇ ಇದೆ. ತಂತಿ, ದೀಪ, ವಿದ್ಯುತ್ತಿನ ಬಿಡಿಭಾಗಗಳಿಗೆ ಅದು ಪುಣೆಯ ತವರುಮನೆ. ಸಿಎಚ್೩೪೧ಎ ಎಂಬ ಚಿಪ್ ಕೂಡಿಸಿದ ಪ್ರೋಗ್ರಾಮರನ್ನೂ ೮ ಹಲ್ಲುಗಳ ಚಿಮಟದಂಥ ಕ್ಲಿಪ್ಪನ್ನೂ ಕೊಂಡು ತಂದೆವು. ಕೆಲವೇ ನೂರು ರೂಪಾಯಿಯ ಸರಕು. ಒಂದು ತುದಿ ಬೇರೊಂದು ಗಣಕಯಂತ್ರದ ಯುಎಸ್‌ಬಿ ಕಿಂಡಿಗೆ; ಇನ್ನೊಂದು ತುದಿಯ ಕ್ಲಿಪ್ಪು ಕಾಯಿಲೆಯ ಚಿಪ್ಪಿಗೆ. ಬೋರ್ಡಿನಿಂದ ಚಿಪ್ಪನ್ನು ಕೀಳದೆಯೇ ಓದಬಹುದು, ಅಳಿಸಬಹುದು, ಬರೆಯಬಹುದು.

ಅಗ್ಗದ ವಸ್ತುವಿನಲ್ಲಿ ಒಂದು ಕೊರತೆ ಇರುವುದುಂಟು. ಈ ಚಿಪ್ಪುಗಳಲ್ಲಿ ಬಹಳಷ್ಟು ೩.೩ ವೋಲ್ಟಿನವು, ಕೆಲವು ೧.೮ ವೋಲ್ಟಿನವು. ಇಂಥ ಪ್ರೋಗ್ರಾಮರುಗಳಲ್ಲಿ ಹಲವು ಸಂಕೇತದ ತಂತಿಗಳಲ್ಲಿ ೫ ವೋಲ್ಟು ಹಾಯಿಸುತ್ತವೆ. ಮಲ್ಟಿಮೀಟರಿನಿಂದ ಅಳೆದೆ, ನಮ್ಮದೂ ಅದೇ ಜಾತಿಯದು. ಸೋಲ್ಡರಿಂಗ್ ಐರನ್ ಹಿಡಿದು ಅದನ್ನು ೩.೩ಕ್ಕೆ ಇಳಿಸಿದ ಮೇಲೆಯೇ ಮುಂದಿನ ಕೆಲಸ. ಲ್ಯಾಪ್‌ಟಾಪಿನ ಬ್ಯಾಟರಿ ಬಿಚ್ಚಿ, ಚಿಪ್ಪಿನ ಮೂಲೆಯ ಸಣ್ಣ ಚುಕ್ಕೆಯಿಂದ ೧ನೆಯ ಕಾಲನ್ನು ಗುರುತಿಸಿ, ಕ್ಲಿಪ್ಪಿನ ಕೆಂಪು ತಂತಿಯನ್ನು ಅದಕ್ಕೆ ಸರಿಹೊಂದಿಸಿದೆವು.

೮ ಮೆಗಾಬೈಟಿನ ಚಿಪ್ಪು. ಫ್ಲ್ಯಾಶ್‌ರಾಮ್ ಎಂಬ ಉಚಿತ ತಂತ್ರಾಂಶದಿಂದ ಒಮ್ಮೆ ಓದಿದೆವು, ಮತ್ತೊಮ್ಮೆ ಓದಿದೆವು. ಎರಡು ಓದುಗಳು ಒಂದಕ್ಕೊಂದು ಹೊಂದಲಿಲ್ಲ! ಗಂಟೆ ರಾತ್ರಿ ೧೧. ಹುಡುಗಿಗೆ ತಾಳ್ಮೆ ಉಳಿಯಲಿಲ್ಲ.

“ಹೆಂಗೂ ಕೆಟ್ಟೇತ್ರಿ ಕಾಕಾ. ಕಂಪನಿ ಫೈಲ್ ಐತಲ್ರಿ, ಅದನ್ನ ಬರದಬಿಡೂಣ್ರಿ.”

ನಾನು ಒಪ್ಪಲಿಲ್ಲ. ಓದು ಹೊಂದುವುದಿಲ್ಲವೆಂದರೆ ಕ್ಲಿಪ್ಪು ಸರಿಯಾಗಿ ಕಚ್ಚಿಲ್ಲವೆಂದು ಅರ್ಥ. ಓದಲಾರದ ಕೈ ಬರೆಯುವುದಾದರೂ ಏನನ್ನು? ಚಿಪ್ಪಿನ ಕಾಲುಗಳನ್ನು ಸ್ಪಿರಿಟ್ಟಿನಿಂದ ಒರೆಸಿ, ಕ್ಲಿಪ್ಪನ್ನು ಮತ್ತೆ ಕೂಡಿಸಿದೆವು. ಈ ಸಲ ಎರಡೂ ಓದು ಅಕ್ಷರಕ್ಕಕ್ಷರ ಒಂದೇ. ಆ ಪ್ರತಿಯನ್ನು ಎರಡು ಕಡೆ ಕಾಪಿಟ್ಟೆವು.

ಆಮೇಲೆ ಆ ಪ್ರತಿಯನ್ನು ತೆರೆದು ಅವಳಿಗೆ ತೋರಿಸಿದೆ. ಅರ್ಥವಾಗದ ಅಂಕಿಗಳ ರಾಶಿಯ ನಡುವೆ ಒಂದು ಸಾಲು ಸ್ಪಷ್ಟವಾಗಿತ್ತು: ಅವಳ ಲ್ಯಾಪ್‌ಟಾಪಿನ ಕ್ರಮಸಂಖ್ಯೆ. ಯಂತ್ರದ ಬೆನ್ನಿಗಂಟಿಸಿದ ಚೀಟಿಯ ಮೇಲೂ ಅದೇ ಸಂಖ್ಯೆ. ಎಷ್ಟೋ ಯಂತ್ರಗಳಲ್ಲಿ ಕ್ರಮಸಂಖ್ಯೆ, ವಿಂಡೋಸಿನ ಪರವಾನಗಿಯ ಕೀಲಿ, ಕೆಲವುಗಳಲ್ಲಿ ಜಾಲದ ವಿಳಾಸ ಕೂಡ ಈ ಚಿಪ್ಪಿನಲ್ಲೇ ಇರುತ್ತವೆ. ಕಂಪನಿಯ ಕಡತ ಆ ಮಾದರಿಯ ಎಲ್ಲ ಯಂತ್ರಗಳಿಗೂ ಸಮಾನವಾದದ್ದು. ಈ ಒಂದು ಯಂತ್ರ ಯಾರೆಂಬುದು ಅದರಲ್ಲಿರುವುದಿಲ್ಲ. ಅದನ್ನೇ ಪೂರ್ತಿ ಸುರಿದಿದ್ದರೆ ಯಂತ್ರ ಎದ್ದರೂ ತನ್ನ ಹೆಸರು ಮರೆತು ಏಳುತ್ತಿತ್ತು.

ಆದ್ದರಿಂದ ಕೆಟ್ಟ ಭಾಗವನ್ನಷ್ಟೇ ಹೊಸ ಕಡತದಿಂದ ತುಂಬಿ, ಗುರುತಿನ ಭಾಗವನ್ನು ಹಳೆಯ ಪ್ರತಿಯಿಂದಲೇ ಉಳಿಸಿ, ಒಂದು ಮಾಡಿದೆವು. ಅಳಿಸಿ, ಬರೆದು, ಬರೆದದ್ದನ್ನು ಮತ್ತೆ ಓದಿ ತಾಳೆ ನೋಡಿದ್ದಾಯಿತು. ಕ್ಲಿಪ್ಪು ತೆಗೆದು ಗುಂಡಿ ಒತ್ತಿದಳು. ಅರ್ಧ ನಿಮಿಷ ಇಬ್ಬರಿಗೂ ಉಸಿರಿಲ್ಲ. ಪರದೆ ಬೆಳಗಿತು. ಅವಳು ಮೊದಲು ಮಾಡಿದ ಕೆಲಸ ಅಪ್ಪನಿಗೆ ಫೋನು: “ಅಪ್ಪಾ, ಎಮ್ಮಿ ಮಾರಬ್ಯಾಡ.” ಪ್ರಾಜೆಕ್ಟನ್ನೂ ಹೇಳಿದ ದಿನವೇ ತೋರಿಸಿ ಬಂದಳು.

ಪುಣೆಯಂಥ ಊರಿಗೆ ಬಂದ ನಮ್ಮಂಥವರಿಗೂ ಈ ಕಡಲೆಬೇಳೆಯಷ್ಟು ಚಿಪ್ಪು ಒಂದು ಮಾತು ಹೇಳುತ್ತದೆಂದು ನನಗೆ ತೋರುತ್ತದೆ. ಇಲ್ಲಿ ಬಾಳಬೇಕಾದರೆ ಮರಾಠಿ ಬೇಕು, ಹಿಂದಿ ಬೇಕು, ಇಂಗ್ಲಿಷೂ ಬೇಕು. ಮಕ್ಕಳು ಅವನ್ನು ಚೆನ್ನಾಗಿ ಕಲಿಯಲಿ, ಸಂತೋಷ. ಆದರೆ ಹೊಸದನ್ನು ತುಂಬುವ ಅವಸರದಲ್ಲಿ ಮನೆಯ ಮಾತು, ಅಜ್ಜಿಯ ಊರಿನ ಹೆಸರು, ನೆಂಟರ ಸಂಬಂಧ ಅಳಿಸಿಹೋದರೆ ಅವನ್ನು ಯಾವ ಕಂಪನಿಯ ಕಡತದಿಂದ ಮರಳಿ ತರೋಣ?

ಇನ್ನು ಗೃಹಸ್ಥರಿಗೆ ಎರಡು ಮಾತು. ಬಯಾಸ್ ಬದಲಿಸುವಾಗ ಬ್ಯಾಟರಿ ತುಂಬಿರಲಿ, ಚಾರ್ಜರೂ ಹಚ್ಚಿರಲಿ. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ ಅದರ ಮರುಪ್ರಾಪ್ತಿಯ ಕೀಲಿಯನ್ನು ಮೊದಲೇ ಬರೆದಿಟ್ಟುಕೊಳ್ಳಿರಿ. ಇಷ್ಟಾದರೂ ಯಂತ್ರ ಮೂಕವಾದರೆ, ಬೋರ್ಡು ಬದಲಿಸಲು ಒಪ್ಪುವ ಮುಂಚೆ, “ಚಿಪ್ಪನ್ನು ಓದಿ ನೋಡಿದಿರಾ?” ಎಂದು ಒಂದು ಸಲ ಕೇಳಿರಿ.