ಸಣ್ಣ ಕೂಸಿಗಿ ಯಾರ್ ನೋಡ್ತಾರ್ರಿ?



ತಾಂಡೂರು, ಬಶೀರಾಬಾದ್ ಸುತ್ತಲಿನ ನಮ್ಮ ಊರುಗಳು ತೊಗರಿ, ಹತ್ತಿ ಮತ್ತು ಫರ್ಸಿ ಕಲ್ಲನ್ನು ನಂಬಿ ಬದುಕುತ್ತವೆ. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಾಗ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಹತ್ತಿ ಬಿಡಿಸುವ ದಿನ ಬಂತೆಂದರೆ ಕೆಲವು ಮನೆಗಳಲ್ಲಿ ಹೆಣ್ಣುಮಕ್ಕಳ ಪಾಟಿಚೀಲ ಗೂಟ ಸೇರುತ್ತದೆ.

ನಮ್ಮ ಯುವಬಳಗಕ್ಕೆ ಪರಿಚಯದ ಒಂದು ಮನೆಯಲ್ಲಿ ಹೀಗೇ ಆಯಿತು. ಕಲ್ಲು ಪಾಲಿಶ್ ಕೆಲಸದಲ್ಲಿದ್ದ ತಂದೆ ಕೆಮ್ಮು ಹಿಡಿದು ಮಲಗಿದರು. ಏಳನೇ ತರಗತಿಯ ಹಿರಿಮಗಳು ಶಾಲೆ ಬಿಟ್ಟಳು. ಏನು ಸಹಾಯ ಬೇಕು ಎಂದು ಕೇಳಲು ಹೋದೆವು. ತಾಯಿ ಪುಸ್ತಕ ಕೇಳಲಿಲ್ಲ, ದುಡ್ಡೂ ಕೇಳಲಿಲ್ಲ. "ಅಕಿ ಸಾಲಿಗಿ ಹೋದ್ರ ಸಣ್ಣ ಕೂಸಿಗಿ ಯಾರ್ ನೋಡ್ತಾರ್ರಿ? ನಾ ಕೂಲಿಗಿ ಹ್ಯಾಂಗ ಹೋಗ್ಲಿ?" ಎಂದರು.

ಸರ್ಕಾರಿ ಶಾಲೆಯಲ್ಲಿ ಶುಲ್ಕವಿಲ್ಲ, ಮಧ್ಯಾಹ್ನದ ಊಟವಿದೆ. ಹಾಗಿದ್ದರೂ ಹುಡುಗಿ ಮನೆಯಲ್ಲಿ ಉಳಿಯುವುದು ಅವಳ ದುಡಿಮೆಯ ಮೇಲೆ ಮನೆ ನಿಂತಿರುವುದರಿಂದ. ನೀರು, ಒಲೆ, ಕೂಸು, ಮಲಗಿದ ಅಪ್ಪ: ಇದನ್ನೆಲ್ಲ ಯಾರಾದರೂ ಹಂಚಿಕೊಳ್ಳದೆ ಅವಳ ಕೈ ಬಿಡುವಾಗದು.

ಆ ಮನೆಯ ಮೂರು ವರ್ಷದ ಕೂಸನ್ನು ಅಂಗನವಾಡಿಗೆ ಸೇರಿಸಿದೆವು. ಅಂಗನವಾಡಿ ಬಿಟ್ಟ ಮೇಲೆ ತಾಯಿ ಹೊಲದಿಂದ ಬರುವವರೆಗಿನ ಹೊತ್ತಿಗೆ ಪಕ್ಕದ ಮನೆಯ ಅಜ್ಜಿ ಒಪ್ಪಿದರು. ಆಸ್ಪತ್ರೆಗೆ ಹೋಗುವ ದಿನ ತಂದೆಯ ಜೊತೆ ನಮ್ಮಲ್ಲೊಬ್ಬರು ಹೋಗುತ್ತೇವೆ. ಹುಡುಗಿ ಮತ್ತೆ ಶಾಲೆಗೆ ಹೊರಟಿದ್ದಾಳೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. ತಪ್ಪಿದ ಪಾಠಗಳನ್ನು ಸಂಜೆ ಕೂತು ಓದಿಸುತ್ತೇವೆ. ಮುಂದಿನ ಸುಗ್ಗಿಯಲ್ಲಿ ಇದು ಉಳಿಯುತ್ತದೆಯೇ ಎಂಬ ಚಿಂತೆ ಇನ್ನೂ ಇದೆ.

ಇದು ನಮ್ಮ ಜಿಲ್ಲೆಗೆ ಹೊಸ ದಾರಿಯಲ್ಲ. 2016ರಲ್ಲಿ ವಿಕಾರಾಬಾದ್ ಜಿಲ್ಲೆಯಾಗುವ ಮೊದಲು ನಾವಿದ್ದ ರಂಗಾರೆಡ್ಡಿ ಜಿಲ್ಲೆಯಲ್ಲಿ ಶಾಂತಾ ಸಿನ್ಹಾ ಅವರ ಎಂ. ವೆಂಕಟರಂಗಯ್ಯ ಫೌಂಡೇಶನ್ 1990ರ ದಶಕದಲ್ಲೇ ದುಡಿಯುವ ಮಕ್ಕಳನ್ನು ಶಾಲೆಗೆ ಕರೆತಂದಿತು. ಶಾಲೆಯ ಹೊರಗಿರುವ ಪ್ರತಿ ಮಗುವೂ ಬಾಲಕಾರ್ಮಿಕ ಎಂಬುದು ಅವರ ನಿಲುವು. ಮನೆಯೊಳಗೆ ದುಡಿಯುವ ಹುಡುಗಿಯೂ ಆಗ ಲೆಕ್ಕಕ್ಕೆ ಬಂದಳು. 2003ರಲ್ಲಿ ಶಾಂತಾ ಸಿನ್ಹಾ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಕೆಲವು ಸಂಗತಿಗಳನ್ನು ಎಲ್ಲ ಮನೆಯವರೂ ತಿಳಿದಿರಬೇಕು. 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 14 ವರ್ಷದ ಮಗು ಶಾಲೆ ಬಿಟ್ಟಿದ್ದರೂ ವಯಸ್ಸಿಗೆ ತಕ್ಕ ತರಗತಿಗೆ ಸೇರಬಹುದು. ಕೂಲಿಗಾಗಿ ಸೇಡಂ, ಚಿಂಚೋಳಿ ಕಡೆ ಹೋದರೂ ಟಿಸಿ ತಡವಾಯಿತೆಂದು ಸರ್ಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಮನೆಯಲ್ಲಿ ಇರಿಸಿಕೊಂಡು ಓದಿಸಲು ಆಗದವರಿಗೆ 2004ರಲ್ಲಿ ಶುರುವಾದ ಕಸ್ತೂರ್ಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಿವೆ. ಆರನೇ ತರಗತಿಯಿಂದ ಊಟ, ವಸತಿ ಉಚಿತ. ಶಾಲೆ ಬಿಟ್ಟವಳಿಗೆ ಮದುವೆ ಮಾತು ಬೇಗ ಬರುತ್ತದೆ. 18 ತುಂಬುವ ಮೊದಲು ಅಂಥ ಸುದ್ದಿ ಕೇಳಿದರೆ 1098ಕ್ಕೆ ಕರೆ ಮಾಡಿ.

ಶುಭಸಂದೇಶದಲ್ಲಿ ಯಾಯಿರನ ಮಗಳಿಗೆ ಹನ್ನೆರಡು ವರ್ಷ. ಯೇಸು ಅವಳ ಕೈಹಿಡಿದು ಎಬ್ಬಿಸಿದ ಮೇಲೆ ಅವಳಿಗೆ ಊಟ ಕೊಡಲು ಮನೆಯವರಿಗೆ ಹೇಳಿದರು. ಎದ್ದವಳು ನಡೆಯಲು ಮನೆಯವರ ಕೈಯೂ ಬೇಕು.

ಆದ್ದರಿಂದ ಮಿತ್ರರೇ, ನಿಮ್ಮ ಓಣಿಯ ಹುಡುಗಿಯೊಬ್ಬಳು ಒಂದು ವಾರ ಶಾಲೆಗೆ ಹೋಗದಿದ್ದರೆ ಅವಳ ಮನೆಗೆ ಹೋಗಿ. ಬುದ್ಧಿಮಾತು ಬೇಡ. ಅವಳು ಹೊತ್ತ ಕೆಲಸಗಳಲ್ಲಿ ಯಾವುದನ್ನು ನಾವು ಹೊರಬಹುದು ಎಂದು ಕೇಳಿ.