ಶರಾವತಿಯ ಹಿನ್ನೀರಿನ ಕರೆಯಲ್ಲಿ

ಸಾಗರದಿಂದ ಪಡುವಣಕ್ಕೆ ಅಂಬಾರಗೋಡ್ಲಿನವರೆಗೆ ಹೋದರೆ ಮುಂದೆ ಕಾಣುವುದೆಲ್ಲವೂ ನೀರು. ಅದು 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ತಡೆದು ನಿಲ್ಲಿಸಿದ ಶರಾವತಿ. ಗದ್ದೆ, ತೋಟ, ಗುಡಿ, ಮನೆಗಳಲ್ಲದೆ, ಅದಕ್ಕೂ ಹಿಂದಿನ ಹಿರೇಭಾಸ್ಕರ ಅಣೆಕಟ್ಟು ಕೂಡ ಅದರ ತಳದಲ್ಲಿ ಮುಳುಗಿದೆ. ಆಚೆಯ ಕರೂರು ಹೋಬಳಿಯವರಿಗೆ ಸಾಗರಕ್ಕೆ ಬರಲು ಬಹುಕಾಲ ಲಾಂಚೇ ಹತ್ತಿರದ ದಾರಿಯಾಗಿತ್ತು. 2025ರ ಜುಲೈಯಲ್ಲಿ ಕಳಸವಳ್ಳಿಗೆ ಸೇತುವೆ ತೆರೆಯಿತು. ಆ ಶ್ರಾವಣದಲ್ಲಿಯೇ ನಾವು ಅದನ್ನು ದಾಟಿ ಪರಿಚಿತರ ಮನೆಯೊಂದರಲ್ಲಿ ಎರಡು ದಿನ ಉಳಿದೆವು.

ಈ ನೀರಿನ ಬಲದಿಂದ ತಿರುಗುವ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಸಾಮರ್ಥ್ಯವು 1035 ಮೆಗಾವಾಟ್. ನಾಡಿಗೆ ಇಲ್ಲಿಂದ ಬೆಳಕು ಹರಿದು ಎಷ್ಟೋ ವರ್ಷಗಳಾದ ಮೇಲೂ ಹಿನ್ನೀರಿನವರ ಅನೇಕ ಮನೆಗಳಲ್ಲಿ ಚಿಮಣಿ ಬುಡ್ಡಿಯೇ ಉರಿಯುತ್ತಿತ್ತು. ಶಾಲೆ, ಪಂಚಾಯಿತಿಗಳ ಜೊತೆಗೆ ನೂರಕ್ಕೆ ಹತ್ತು ಮನೆಗಳಿಗೆ ತಂತಿ ಮುಟ್ಟಿದರೆ ಊರಿಗೆಲ್ಲ ವಿದ್ಯುತ್ತು ಬಂದಿತೆಂದು ಎಣಿಸುವುದು 2004ರಿಂದ ನಡೆದು ಬಂದ ಸರಕಾರೀ ಲೆಕ್ಕ. ಉಳಿದ ತೊಂಬತ್ತು ಮನೆಯವರ ರಾತ್ರಿಯು ಯಾವ ಲೆಕ್ಕಕ್ಕೆ ಸೇರಬೇಕೋ ನಾವರಿಯೆವು.

ನಾವು ಇಳಿದುಕೊಂಡಿದ್ದ ಮನೆಗೆ ತಂತಿಯೇನೋ ಬಂದಿದೆ. ಆದರೆ ಮಲೆನಾಡಿನ ಮಳೆಯಲ್ಲಿ ಮರ ಬಿದ್ದು ತಂತಿ ಹರಿದರೆ ದಿನಗಟ್ಟಲೆ ದೀಪವಿಲ್ಲ. ಅಂದೂ ಹಾಗೆಯೇ ಆಯಿತು. ಒದ್ದೆ ಸೌದೆಯ ಹೊಗೆಯಲ್ಲಿ ಕಣ್ಣೊರಸಿಕೊಳ್ಳುತ್ತಿದ್ದ ಗೃಹಿಣಿಯನ್ನು, "ಕತ್ತಲೆಗೆ ಅಂಜಿಕೆಯಾಗುವುದಿಲ್ಲವೇ ತಾಯಿ?" ಎಂದು ಕೇಳಿದೆವು.

"ಕತ್ತಲೆ ಹುಟ್ಟಿದಾಗಿನಿಂದ ಕಂಡಿದ್ದೇ ಮಾಸ್ತರೇ. ಕರೆಂಟು ನಾಳೆ ಬರುತ್ತದೋ, ಎಂಟು ದಿನಕ್ಕೋ, ಅದು ಗೊತ್ತಾಗದೆ ತಲೆ ಕೆಡುತ್ತದೆ. ಬೆಂಗಳೂರಲ್ಲಿರುವ ಮಗ ಫೋನು ಮಾಡಿರುತ್ತಾನೆ, ಇಲ್ಲಿ ಫೋನು ಸತ್ತಿರುತ್ತದೆ. ಅತ್ತೆಗೆ ರಾತ್ರಿ ಉಬ್ಬಸ ಬಂದರೆ ಯಾರನ್ನು ಕೂಗಲಿ? ಪಕ್ಕದ ಮನೆ ಗುಡ್ಡದಾಚೆ."

ಸಂಸ್ಕೃತದಲ್ಲಿ ತಮಸ್ಸೆಂಬ ಒಂದೇ ಮಾತು ಹೊರಗಿನ ಕತ್ತಲೆಗೂ ಮನಸ್ಸಿನ ಜಾಡ್ಯಕ್ಕೂ ಸಲ್ಲುತ್ತದೆ. ಆದರೆ ಆ ತಾಯಿಯಲ್ಲಿ ನಾವು ಕಂಡದ್ದು ಜಾಡ್ಯವಲ್ಲ, ತಳಮಳ. ಬೆಂಕಿಪೆಟ್ಟಿಗೆಯಲ್ಲಿ ಕಡ್ಡಿಗಳೆಷ್ಟು, ಸೀಸೆಯಲ್ಲಿ ಎಣ್ಣೆಯೆಷ್ಟು, ಅಟ್ಟದ ಮೇಲೆ ಒಣಗಿದ ಸೌದೆಯೆಷ್ಟು ಎಂದು ಆಕೆಯ ಮನಸ್ಸು ಬಿಡುವಿಲ್ಲದೆ ಎಣಿಸುತ್ತಿತ್ತು. ಎಣಿಸುವ ಮನಸ್ಸಿಗೆ ನಿದ್ರೆಯೆಲ್ಲಿ? ನಿದ್ರೆಗೆಟ್ಟು ನಾಲ್ಕು ದಿನವಾದರೆ ಸಹನಶೀಲರೂ ಮಕ್ಕಳ ಮೇಲೆ ರೇಗುವರು, ಕಾರಣವಿಲ್ಲದೆ ಅಳುವರು. ಇದನ್ನು ಮನೆಯವರು ಹೆಂಗಸಿನ ಸ್ವಭಾವವೆಂದು ತಳ್ಳಿಬಿಡುತ್ತಾರೆ. ಸ್ವಭಾವಕ್ಕೂ ತಂತಿ ಹರಿದುದಕ್ಕೂ ಇರುವ ಸಂಬಂಧವನ್ನು ವಿಚಾರಿಸುವವರಿಲ್ಲ.

ಜಗಲಿಯಲ್ಲಿದ್ದ ಅವರ ಅತ್ತೆ ನೀರಿನೊಳಗಿರುವ ತಮ್ಮ ಹಳೆಯ ಮನೆಯ ಬಾಗಿಲು, ಹಿತ್ತಿಲು, ಹಲಸಿನ ಮರಗಳನ್ನು ಕೈಯಿಂದ ತೋರಿಸುತ್ತ ವರ್ಣಿಸಿದರು. ದೂರಲಿಲ್ಲ, ಕಣ್ಣೀರಿಡಲಿಲ್ಲ. "ನಮ್ಮ ಒಲೆ ಮುಳುಗಿಸಿ ಊರಿಗೆಲ್ಲ ದೀಪ ಹಚ್ಚಿದರು, ಹಚ್ಚಲಿ. ಇಲ್ಲಿಯೂ ಒಂದು ಉರಿದರೆ ಆಗಿತ್ತು," ಎಂದಷ್ಟೇ ಹೇಳಿ ಸೊಸೆಯನ್ನು ಕೂಗಿ ಬುಡ್ಡಿಯ ಬತ್ತಿಯನ್ನು ತಗ್ಗಿಸಲು ಹೇಳಿದರು. ಎಣ್ಣೆ ಬೆಳಗಿನವರೆಗೆ ಬರಬೇಕಾಗಿತ್ತು.